ಪರೀಕ್ಷೆಯ ದಿನ ಹಸಿರಾಗದ ದೀಪ

ತೊರವಿ ದಾಟಿದ ಮೇಲೆ ಹೊಲಗಳ ನಡುವೆ ನಿಂತಿರುವ ಒಂದು ಕಾಲೇಜಿನಲ್ಲಿ ನಾನು ವೆರಿಲಾಗ್ ಕಲಿಸುತ್ತೇನೆ. ಏನು ಕಲಿಸ್ತೀರಿ ಎಂದು ಕೇಳಿದವರಿಗೆ ಈ ಹೆಸರು ಹೇಳಿದರೆ, ಮುಂದಿನ ಮಾತು ಸಾಮಾನ್ಯವಾಗಿ ವಿಜಯಪುರದ ಬಿಸಿಲಿನ ಕಡೆಗೆ ಹೊರಳುತ್ತದೆ. ಆದರೂ ವಿವರಿಸುವ ಚಟ ನನಗೆ ಹೋಗಿಲ್ಲ, ಇಲ್ಲೂ ವಿವರಿಸಿಬಿಡುತ್ತೇನೆ. ಅದು ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಯಲ್ಲ. ಒಂದು ಸರ್ಕ್ಯೂಟು ಹೇಗಿರಬೇಕು ಎಂದು ಬರೆದು ತಿಳಿಸುವ ಭಾಷೆ. ಬರೆದದ್ದನ್ನು ಮೊದಲು ಕಂಪ್ಯೂಟರಿನ ಪರದೆಯ ಮೇಲೆ ಗೆರೆಗಳಾಗಿ ನೋಡಬಹುದು. ಗೆರೆ ಮೇಲೇರಿದರೆ ದೀಪ ಹತ್ತಿತು ಎಂದರ್ಥ, ಕೆಳಗಿಳಿದರೆ ಆರಿತು ಎಂದರ್ಥ. ಆಮೇಲೆ ಅದನ್ನೇ ಅಂಗೈಯಗಲದ ಒಂದು ಬೋರ್ಡಿಗೆ ಇಳಿಸಿದರೆ ನಿಜವಾದ ದೀಪ ಹತ್ತಬೇಕು. ಈ ಎರಡನೆಯ ಭಾಗ ನಮ್ಮಲ್ಲಿ ಪಠ್ಯಕ್ರಮದಲ್ಲಿ ಮಾತ್ರ ಇತ್ತು.

ಬೋರ್ಡುಗಳು ಇರಲಿಲ್ಲವೆಂದಲ್ಲ. ಗಾಜಿನ ಬಾಗಿಲಿನ ಕಪಾಟಿನಲ್ಲಿ ಚಂದವಾಗಿ ಸಾಲಾಗಿ ಕೂತಿದ್ದವು. ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಸಹ ಯಾರೂ ತೆಗೆದಿರಲಿಲ್ಲ. ಪರಿಶೀಲನೆಗೆ ಕಮಿಟಿಯವರು ಬಂದಾಗ ತೋರಿಸಬೇಕು, ಅದಕ್ಕೆ ಹೊಸದಾಗಿರಬೇಕು ಎನ್ನುವುದು ನಮ್ಮ ವಿಭಾಗದ ಮುಖ್ಯಸ್ಥರ ಲೆಕ್ಕಾಚಾರ. ಹುಡುಗರ ಕೈಗೆ ಕೊಟ್ಟರೆ ಸುಟ್ಟುಹೋಗುತ್ತವೆ ಎನ್ನುತ್ತಿದ್ದರು. ಕೊಡದೆ ಇಟ್ಟರೆ ಹುಡುಗರ ತಲೆ ಖಾಲಿ ಉಳಿಯುತ್ತದಲ್ಲ ಸರ್ ಎಂದು ನಾನೊಮ್ಮೆ ಅಂದಿದ್ದೆ. ಅವರು ನಕ್ಕು, ನನಗೆ ಚಹಾ ತರಿಸಿದರು.

ನಮ್ಮಲ್ಲಿ ಲ್ಯಾಬಿಗೆ ಒಂದು ಮ್ಯಾನುವಲ್ ಇದೆ. ಯಾವ ಕಾಲದಲ್ಲಿ ಯಾರು ಬರೆದರೋ, ವರ್ಷವರ್ಷವೂ ಝೆರಾಕ್ಸಿನ ಮೇಲೆ ಝೆರಾಕ್ಸ್ ಆಗುತ್ತ ಬಂದಿದೆ. ಹುಡುಗರು ಅದರ ಪ್ರೋಗ್ರಾಮುಗಳನ್ನು ಅರ್ಧವಿರಾಮ ಸಹಿತ ಬಾಯಿಪಾಠ ಮಾಡುತ್ತಾರೆ. ಬಾಯಿಪಾಠದ ವಿಷಯದಲ್ಲಿ ನಮ್ಮ ಹುಡುಗರನ್ನು ಮೀರಿಸುವವರಿಲ್ಲ, ಮಮದಾಪುರದಿಂದ ಬಸ್ಸಿನಲ್ಲಿ ಜೋತಾಡುತ್ತ ಬರುವವನೂ ದಾರಿಯಲ್ಲೇ ಎರಡು ಪ್ರೋಗ್ರಾಮು ಮುಗಿಸಿರುತ್ತಾನೆ. ಆ ಮ್ಯಾನುವಲ್ಲಿನಲ್ಲಿ ಎಲ್ಲೆಲ್ಲೂ ಬರುವ ಒಂದು ಸಾಲಿಗೆ ಹುಡುಗರು ‘ಹ್ಯಾಶ್ ಟೆನ್’ ಎನ್ನುತ್ತಾರೆ. ಹತ್ತು ಎಣಿಸುವಷ್ಟು ಹೊತ್ತು ತಡೆದು ಮುಂದೆ ಹೋಗು ಎಂದು ಅದರ ಅರ್ಥ. ಪರದೆ ಈ ಮಾತು ಕೇಳುತ್ತದೆ, ಬೋರ್ಡು ಕೇಳುವುದಿಲ್ಲ. ಬೋರ್ಡಿನೊಳಗೆ ‘ಸುಮ್ಮನೆ ತಡಿ’ ಎನ್ನುವ ಸಾಮಾನೇ ಇರುವುದಿಲ್ಲವಾದ್ದರಿಂದ, ಇಳಿಸುವಾಗ ಆ ಸಾಲು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಕಾಯುವ ಸರ್ಕ್ಯೂಟು ಬೇಕಾದರೆ, ಗಡಿಯಾರದ ಮಿಡಿತಗಳನ್ನು ಎಣಿಸುವ ಸರ್ಕ್ಯೂಟನ್ನೇ ಬರೆಯಬೇಕು. ಬೋರ್ಡನ್ನು ಯಾರೂ ಹಚ್ಚಿರಲಿಲ್ಲವಲ್ಲ, ಹೀಗಾಗಿ ಈ ತಪ್ಪು ಇಷ್ಟು ವರ್ಷ ಯಾರಿಗೂ ತಪ್ಪೆಂದು ಕಂಡಿರಲಿಲ್ಲ. ನಾನು ಬಂದ ಹೊಸತರಲ್ಲಿ ಮ್ಯಾನುವಲ್ ತಿದ್ದೋಣ ಎಂದೆ. ಮುಂದಿನ ವರ್ಷ ನೋಡೋಣ ಎಂದರು. ಆ ಮುಂದಿನ ವರ್ಷ ಇನ್ನೂ ಮುಂದೆಯೇ ಇದೆ.

ಇಂಥ ಕ್ಲಾಸಿನಲ್ಲಿ ನನ್ನ ಮೊದಲ ಜಗಳ ಯಾವಾಗಲೂ ಒಂದೇ. ಬೇರೆ ಭಾಷೆಗಳಲ್ಲಿ ಮೊದಲ ಸಾಲು ಮೊದಲು ನಡೆಯುತ್ತದೆ, ಎರಡನೆಯದು ಆಮೇಲೆ. ಇಲ್ಲಿ ಹಾಗಲ್ಲ, ಎಲ್ಲವೂ ಏಕಕಾಲಕ್ಕೆ ನಡೆಯುತ್ತವೆ ಎಂದು ಹೇಳಿದರೆ ಹುಡುಗರು ತಲೆಯಾಡಿಸುತ್ತಾರೆ. ಮರುಕ್ಷಣವೇ, ಮೊದಲು ಯಾವ ಸಾಲು ಓಡುತ್ತದೆ ಎಂದು ಕೇಳುತ್ತಾರೆ. ಆ ವರ್ಷವೂ ಹಾಗೇ ಆಯಿತು. ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ ಇದ್ದಾಗ, ಮೂರನೇ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಬಬಲೇಶ್ವರದವಳು, ಅವಳ ತಂದೆಯದು ಅಲ್ಲಿ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಅಂಗಡಿ.

“ಮ್ಯಾಡಂ, ಇದು ಹೊಲದಾಗ ಕರೆಂಟ್ ಬಂದಂಗ ಅಲ್ರಿ? ಕರೆಂಟ್ ಬಂತಂದ್ರ ಎಲ್ಲಾರ ಮೋಟರ್ ಒಮ್ಮೇಕ ಚಾಲೂ ಆಕ್ಕಾವು. ಯಾರದು ಮೊದಲ ಅಂತ ಯಾರೂ ಕೇಳೂದಿಲ್ರಿ.”

ಇದಕ್ಕಿಂತ ಚೆನ್ನಾಗಿ ನಾನು ಎಂದೂ ಹೇಳಿರಲಿಲ್ಲ. ಅವತ್ತಿನಿಂದ ಆ ಉದಾಹರಣೆಯನ್ನು ನನ್ನದೆಂಬಂತೆ ಎಲ್ಲ ಕ್ಲಾಸುಗಳಲ್ಲಿ ಹೇಳುತ್ತ ಬಂದಿದ್ದೇನೆ. ಕ್ಲಾಸು ಮುಗಿದ ಮೇಲೆ ಅವಳು ಹಿಂದೆಯೇ ಬಂದಳು. ಹಾಗೆ ಒಮ್ಮೆಲೇ ಚಾಲೂ ಆಗುವುದರಿಂದ ವೋಲ್ಟೇಜ್ ಬಿದ್ದು ಕಾಯಿಲ್ ಸುಡುತ್ತವೆ, ಅವಳ ಅಬ್ಬಾನ ಅಂಗಡಿಗೆ ಬರುವ ಮೋಟರುಗಳಲ್ಲಿ ಬಹಳಷ್ಟು ಹಾಗೆ ಸುಟ್ಟವೇ ಅಂತೆ. ಕರೆಂಟು ಬಂದ ಮೇಲೆ ಸ್ವಲ್ಪ ಹೊತ್ತು ಕಾದು, ಅದು ಸ್ಥಿರವಾಗಿದೆ ಎಂದು ನೋಡಿಕೊಂಡು ಮೋಟರ್ ಹಚ್ಚುವ ಸರ್ಕ್ಯೂಟನ್ನು ಈ ಭಾಷೆಯಲ್ಲಿ ಬರೆಯಬಹುದೇ ಎಂದು ಕೇಳಿದಳು. ಅಂಥ ಸ್ಟಾರ್ಟರು ಪೇಟೆಯಲ್ಲೇ ಸಿಗುತ್ತದಲ್ಲ ಎಂದೆ. ಸಿಗುತ್ತದೆ, ಆದರೆ ಅದರೊಳಗೆ ಏನಿದೆ ಅಂತ ನನಗೆ ಬೇಕು ಎಂದಳು. ಅಷ್ಟು ವರ್ಷಗಳಲ್ಲಿ ಒಳಗೆ ಏನಿದೆ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ನನಗೆ ಖುಷಿಯಾಯಿತು, ಸ್ವಲ್ಪ ಭಯವೂ ಆಯಿತು.

ಅವಳು ಬರೆದುಕೊಂಡು ಬಂದದ್ದರಲ್ಲಿ ಸಹಜವಾಗಿ ಹ್ಯಾಶ್ ಟೆನ್ ಇತ್ತು. ಪರದೆಯ ಮೇಲೆ ಗೆರೆ ಕಾದು ನಿಂತು, ಆಮೇಲೆ ಮೇಲೇರಿತು. ತಪ್ಪನ್ನು ಬೋರ್ಡೇ ಹೇಳಲಿ ಎಂದುಕೊಂಡೆ. ಮುಖ್ಯಸ್ಥರ ಬೆನ್ನು ಬಿದ್ದು, ಕೈಕಾಲು ಹಿಡಿಯುವುದೊಂದನ್ನು ಬಿಟ್ಟು ಎಲ್ಲ ಮಾಡಿ ಒಂದು ಬೋರ್ಡು ಹೊರಗೆ ತೆಗೆಸಿದೆ. ಪ್ಲಾಸ್ಟಿಕ್ ಹಾಳೆ ಹರಿಯಬಾರದು ಎನ್ನುವ ಷರತ್ತಿನ ಮೇಲೆ ಕೊಟ್ಟರು. ಇಳಿಸಿ ಬಟನ್ ಒತ್ತಿದರೆ ದೀಪ ಚಣವೂ ಕಾಯದೆ ಹತ್ತಿಬಿಟ್ಟಿತು.

“ಪರದೆ ಮ್ಯಾಲ ತಡೀತೈತ್ರಿ. ಇಲ್ಲಿ ಯಾಕ ತಡೀವಲ್ದು?” ಎಂದಳು.

ಹೇಳಿದೆ. ಅವಳ ಮುಖ ಕೆಂಪಾಯಿತು. ನನ್ನ ಮೇಲಲ್ಲ, ಮ್ಯಾನುವಲ್ಲಿನ ಮೇಲೆ ಸಿಟ್ಟು. ಹಂಗಾದರೆ ನಾವು ಕಲಿತದ್ದೆಲ್ಲ ಸುಳ್ಳೇನು ಎಂದು ಕೇಳಿದಳು. ಬೋರ್ಡಿನ ಮೇಲೆ ನಡೆಯದ್ದು ಸುಳ್ಳೇ ಎಂದೆ ನಾನು, ಆವೇಶದಲ್ಲಿ. ಮಾತು ನಿಜವಾದದ್ದೇ.

ಆಮೇಲಿನ ಕೆಲವು ವಾರಗಳನ್ನು ನೆನೆದರೆ ಈಗಲೂ ಹಿತವಾಗುತ್ತದೆ. ಬೋರ್ಡಿನ ಗಡಿಯಾರ ಒಂದು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಮಿಡಿಯುತ್ತದೆ. ಅಷ್ಟನ್ನೂ ಎಣಿಸಿದ ಮೇಲೆ ಒಂದು ಸೆಕೆಂಡು ಕಳೆಯಿತೆಂದು ತಿಳಿಯುವ ಸರ್ಕ್ಯೂಟನ್ನು ಅವಳು ಬರೆದಳು, ಕೆಡಿಸಿದಳು, ಮತ್ತೆ ಬರೆದಳು. ತಿಕೋಟಾ ಕಡೆಯ ಹುಡುಗರು ದ್ರಾಕ್ಷಿ ಕಟಾವಿನ ನೆಪ ಹೇಳಿ ಲ್ಯಾಬು ತಪ್ಪಿಸುತ್ತಿದ್ದ ದಿನಗಳವು. ಖಾಲಿ ಕುರ್ಚಿಗಳ ನಡುವೆ ನಾವಿಬ್ಬರೇ ಕೂತಿರುತ್ತಿದ್ದೆವು. ಒಂದು ಮಧ್ಯಾಹ್ನ ಬಟನ್ ಒತ್ತಿದಾಗ ದೀಪ ಹತ್ತಲಿಲ್ಲ. ಕಾದೆವು. ಆಮೇಲೆ ಹತ್ತಿತು. ಅವಳು ಫೋನಿನಲ್ಲಿ ಅದನ್ನು ಹಿಡಿದು ಅಬ್ಬಾಗೆ ಕಳಿಸಿದಳು.

ಆ ವಿಡಿಯೊದಿಂದ ಒಂದು ಉಪಯೋಗವಾಯಿತು. ಹುಬ್ಬಳ್ಳಿಯಲ್ಲಿ ಬೇಸಿಗೆಗೆ ಚಿಪ್ ವಿನ್ಯಾಸದ ತರಬೇತಿಯೊಂದಿತ್ತು, ನಮ್ಮ ವಿಭಾಗದಿಂದ ಒಬ್ಬರನ್ನು ಕಳಿಸಬಹುದಿತ್ತು. ಈ ಕೆಲಸವನ್ನು ನಿಜವಾಗಿ ಮಾಡುವ ಜನರ ನಡುವೆ ಕೂತು ಕಲಿಯುವ ಅವಕಾಶ. ಮಗಳನ್ನು ಬಬಲೇಶ್ವರ-ವಿಜಯಪುರ ಬಸ್ಸಿನಾಚೆ ಕಳಿಸಲು ಒಪ್ಪದಿದ್ದ ಅವಳ ತಂದೆ ಆ ದೀಪ ನೋಡಿ ಹೂಂ ಅಂದರು. ಅವಳಿಗೆ ಬೇರೇನೂ ಬೇಕಿರಲಿಲ್ಲ. ದಿನಾ ಬಂದು, ಅಲ್ಲಿ ಎಂಥ ಬೋರ್ಡು ಇರುತ್ತವೆ, ಯಾರು ಕಲಿಸುತ್ತಾರೆ ಎಂದು ಕೇಳುತ್ತಿದ್ದಳು. ನಿಯಮ ಒಂದೇ ಇತ್ತು: ಹೋಗುವವರಿಗೆ ಯಾವ ವಿಷಯವೂ ಉಳಿದಿರಬಾರದು, ಅಂದರೆ ಯಾವುದರಲ್ಲೂ ಫೇಲಾಗಿರಬಾರದು. ಅವಳ ಹೆಸರನ್ನು ನಾನೇ ಸೂಚಿಸಿದೆ. ನಾನು ಕಲಿಸುವ ವಿಷಯವೇ ಅವಳಿಗೆ ಉಳಿದೀತೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಪ್ರಾಯೋಗಿಕ ಪರೀಕ್ಷೆಗೆ ಬೇರೆ ಕಾಲೇಜಿನಿಂದ ಪರೀಕ್ಷಕರು ಬಂದಿದ್ದರು. ಕ್ರಮ ಹೀಗೆ: ಹುಡುಗರು ಚೀಟಿ ಎತ್ತಬೇಕು, ಬಂದ ಪ್ರೋಗ್ರಾಮನ್ನು ಮೊದಲು ಉತ್ತರಪತ್ರಿಕೆಯಲ್ಲಿ ಬರೆಯಬೇಕು, ಪರೀಕ್ಷಕರು ಸಹಿ ಮಾಡಿದ ಮೇಲೆ ಅದನ್ನೇ ಕಂಪ್ಯೂಟರಿನಲ್ಲಿ ಹೊಡೆದು ಗೆರೆ ತೋರಿಸಬೇಕು. ಸಹಿಯಾದ ಮೇಲೆ ಒಂದಕ್ಷರ ಬದಲಿಸುವ ಹಾಗಿಲ್ಲ. ನಕಲು ತಡೆಯಲು ಮಾಡಿದ್ದಂತೆ, ನಕಲೇನೂ ತಡೆದಿಲ್ಲ. ಅವಳಿಗೆ ಬಂದದ್ದು ರಸ್ತೆಯ ಸಿಗ್ನಲ್: ಕೆಂಪು ದೀಪ ಸ್ವಲ್ಪ ಹೊತ್ತು, ಆಮೇಲೆ ಹಸಿರು. ಮ್ಯಾನುವಲ್ಲಿನಲ್ಲಿ ಹ್ಯಾಶ್ ಟೆನ್ ಹಾಕಿ ನಾಲ್ಕು ಸಾಲಿನಲ್ಲಿ ಮುಗಿಸಿದ್ದಾರೆ. ಅವಳು ಅದನ್ನು ಬರೆಯಲಿಲ್ಲ. ಬೋರ್ಡಿನ ಮೇಲೆ ನಿಜಕ್ಕೂ ನಡೆಯುವಂಥದನ್ನು, ಕೋಟಿಗಟ್ಟಲೆ ಮಿಡಿತ ಎಣಿಸುವಂಥದನ್ನು ಬರೆದಳು. ಪರೀಕ್ಷಕರು ಓದದೆ ಸಹಿ ಮಾಡಿದರು.

ಅದೇ ಅವಳಿಗೆ ಮುಳುವಾಯಿತು. ಬೋರ್ಡು ಸೆಕೆಂಡಿನಲ್ಲಿ ಎಣಿಸಿ ಮುಗಿಸುವುದನ್ನು ನಮ್ಮ ಹಳೆಯ ಕಂಪ್ಯೂಟರಿನ ಪರದೆ ಒಂದೊಂದೇ ಮಿಡಿತವಾಗಿ ತೋರಿಸುತ್ತ ಹೋಗಬೇಕು. ಇಡೀ ದಿನ ಕೂತರೂ ಮುಗಿಯುವಂತಿರಲಿಲ್ಲ. ಅಕ್ಕಪಕ್ಕದ ಹುಡುಗರ ಪರದೆಗಳಲ್ಲಿ ಕೆಂಪು ಇಳಿದು ಹಸಿರು ಏರುತ್ತಿತ್ತು. ಅವಳದರಲ್ಲಿ ಕೆಂಪಿನ ಗೆರೆ ಮೇಲೆ, ಹಸಿರಿನದು ಕೆಳಗೆ, ಅಷ್ಟೇ. ಎಣಿಕೆಯನ್ನು ಸಣ್ಣದು ಮಾಡಿ ಈಗಲೇ ತೋರಿಸುತ್ತೇನೆ, ಒಂದು ಸಂಖ್ಯೆ ಬದಲಿಸಿದರೆ ಸಾಕು ಎಂದು ಅವಳು ಪರೀಕ್ಷಕರನ್ನು ಕೇಳಿಕೊಂಡಳು. ಸಹಿಯಾಗಿದೆ ಎಂದರು. ನಾನು ನಡುವೆ ಬಾಯಿ ಹಾಕಿ, ಬೋರ್ಡಿಗೆ ಇಳಿಸಿ ದೀಪವನ್ನೇ ತೋರಿಸುತ್ತೇವೆ ಎಂದೆ. ಅದು ಪರೀಕ್ಷೆಯ ಕ್ರಮದಲ್ಲಿಲ್ಲ ಎಂದರು. ಕೆಟ್ಟ ಮನುಷ್ಯರಲ್ಲ, ದನಿ ಏರಿಸಲೂ ಇಲ್ಲ.

“ನೀವು ಹೇಳೂದು ಖರೇನ ಇರಬಹುದ್ರಿ ಮ್ಯಾಡಂ. ಆದ್ರ ಔಟ್‌ಪುಟ್ ಇಲ್ಲದ್ದಕ್ಕ ನಾ ಏನಂತ ಮಾರ್ಕ್ಸ್ ಹಾಕ್ಲಿ?”

ಖರೇ ಇರಬಹುದು ಎಂದು ಒಪ್ಪಿಕೊಂಡೇ ಸೊನ್ನೆ ಹಾಕುವ ಮನುಷ್ಯನ ಜೊತೆ ಹೇಗೆ ಜಗಳವಾಡುವುದು? ಆದರೂ ಆಡಿದೆ. ಮುಖ್ಯಸ್ಥರ ಕೋಣೆಗೆ ಹೋಗಿ ಆಡಿದೆ. ಅಲ್ಲಿಯೂ ಚಹಾ ಬಂತು, ಕುಡಿಯದೆ ಎದ್ದು ಬಂದೆ. ಅವಳು ಕಾರಿಡಾರಿನಲ್ಲಿ ದುಪಟ್ಟಾದ ಅಂಚು ಹಿಡಿದು ನಿಂತಿದ್ದಳು. ಅತ್ತಿರಲಿಲ್ಲ.

“ನಾ ಬರದದ್ದು ತಪ್ಪೇನ್ರಿ ಮ್ಯಾಡಂ?”

ತಪ್ಪಲ್ಲ, ಅವತ್ತು ಆ ಲ್ಯಾಬಿನಲ್ಲಿ ಸರಿಯಾಗಿ ಬರೆದವಳು ನೀನೊಬ್ಬಳೇ ಎಂದೆ. ಅವಳು, ಮುಂದಿನ ಸಲ ಏನು ಬರೆಯಬೇಕು ಎಂದು ಕೇಳಿದಳು. ಮ್ಯಾನುವಲ್ಲಿನಲ್ಲಿದ್ದದ್ದು ಬರಿ ಎಂದೆ. ಆಕೆ ತಲೆಯಾಡಿಸಿ ಬಸ್ಸಿಗೆ ಹೋದಳು.

ಅವಳಿಗೆ ವಿಷಯ ಉಳಿಯಿತು, ಹುಬ್ಬಳ್ಳಿಗೆ ಬೇರೊಬ್ಬ ಹೋದ. ಮ್ಯಾನುವಲ್ಲನ್ನು ಹಿಂದುಮುಂದಾಗಿ ಹೇಳಬಲ್ಲ ಹುಡುಗ. ತಿರುಗಿ ಬಂದ ಮೇಲೆ ಹೇಗಿತ್ತಪ್ಪಾ ಎಂದು ಕೇಳಿದರೆ, ಊಟದ ವ್ಯವಸ್ಥೆ ಚಲೋ ಇತ್ರಿ ಎಂದ. ನನಗೆ ಅವನ ಮೇಲೆ ಸಿಟ್ಟು ಬರಬಾರದಿತ್ತು, ಬಂತು.

ಉಳಿದ ವಿಷಯದ ಪರೀಕ್ಷೆ ಬಂದಾಗ ಅವಳು ಹ್ಯಾಶ್ ಟೆನ್ ಹಾಕಿ ಬರೆದಳು. ಎಲ್ಲರಿಗಿಂತ ಮೊದಲು ಮುಗಿಸಿದಳು, ಗೆರೆ ಬರಬೇಕಾದ ಹೊತ್ತಿಗೆ ಬಂತು, ಪೂರ್ತಿ ಅಂಕಗಳು ಬಂದವು. ಆ ಸ್ಟಾರ್ಟರಿನ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಒಂದೆರಡು ಸಲ ನಾನೇ ಕರೆದು, ಬಾ, ಬೋರ್ಡು ತೆಗೆಸುತ್ತೇನೆ, ಅದನ್ನು ಪೂರ್ತಿ ಮಾಡೋಣ ಎಂದೆ. ಬಸ್ಸಿಗೆ ಹೊತ್ತಾಕ್ಕೈತ್ರಿ ಎಂದಳು. ಬೋರ್ಡು ತನ್ನ ಪ್ಲಾಸ್ಟಿಕ್ ಹಾಳೆಯೊಂದಿಗೆ ಕಪಾಟಿಗೆ ಮರಳಿತು. ಕಮಿಟಿಯವರು ಬಂದು ನೋಡಿ, ಲ್ಯಾಬು ಚೆನ್ನಾಗಿ ಇಟ್ಟಿದ್ದೀರಿ ಎಂದು ಹೊಗಳಿ ಹೋದರು.

ಮರುವರ್ಷ ಪರೀಕ್ಷೆಯ ಬೆಳಿಗ್ಗೆ ನಾನು ಲ್ಯಾಬಿನ ಬೀಗ ತೆಗೆಯಲು ಹೋದಾಗ, ಮೆಟ್ಟಿಲ ಮೇಲೆ ಹೊಸ ಬ್ಯಾಚಿನ ಹುಡುಗಿಯರನ್ನು ಕೂರಿಸಿಕೊಂಡು ಅವಳು ಪ್ರೋಗ್ರಾಮು ಹೇಳಿಕೊಡುತ್ತಿದ್ದಳು. ರಸ್ತೆಯ ಸಿಗ್ನಲ್ಲೇ ನಡೆದಿತ್ತು. ಈಕೆ ಒಂದು ಸಾಲು ಹೇಳುವುದು, ಅವರು ತಿರುಗಿ ಹೇಳುವುದು. ನನ್ನನ್ನು ಕಂಡು ಎದ್ದು ದಾರಿ ಬಿಟ್ಟಳು. ಅಷ್ಟರಲ್ಲಿ ಅವರಲ್ಲೊಬ್ಬಳು, ಕನ್ನಡಕದ ಸಣ್ಣ ಹುಡುಗಿ, ಬೆರಳಿಟ್ಟು ಕೇಳಿದಳು: ಅಕ್ಕಾ, ಈ ಹ್ಯಾಶ್ ಟೆನ್ ಯಾಕ ಹಾಕೂದು?

ಅವಳು ಒಮ್ಮೆ ನನ್ನ ಕಡೆ ನೋಡಿದಳು. ಇದಕ್ಕೆ ಸರಿಯಾದ ಉತ್ತರ ಆ ಇಡೀ ಕಟ್ಟಡದಲ್ಲಿ ನಮ್ಮಿಬ್ಬರಿಗೆ ಗೊತ್ತಿತ್ತು. ನಾನು ಚೀಲದಲ್ಲಿ ಕೀಲಿ ಹುಡುಕುತ್ತಿದ್ದೆ.

“ಹಂಗ ಬರೀಬೇಕವಾ, ಅಷ್ಟ,” ಎಂದಳು. “ಯಾಕ ಅಂತ ಕೇಳಿದ್ರ ವಿಷಯ ಉಳೀತೈತಿ.”