ಟು-ಎಯ್ಟಿ-ಸಿಕ್ಸ್ ಬೇಡವೆಂದ ಶಾಂತಾಬಾಯಿ

ನಿನ್ನೆ ಮೊಮ್ಮಗಳು ಹೊಸ ಲ್ಯಾಪ್‌ಟಾಪಿನ ಪೆಟ್ಟಿಗೆ ಬಿಚ್ಚಿದಾಗ ಥರ್ಮೊಕೋಲು, ಪ್ಲಾಸ್ಟಿಕ್ಕುಗಳ ಆ ವಾಸನೆ ಮೂಗಿಗೆ ಬಡಿಯಿತು. ಒಂದೇ ಉಸಿರಿಗೆ ವರ್ಷಗಟ್ಟಲೆ ಹಿಂದಕ್ಕೆ ಎಳೆದೊಯ್ಯುವ ಇಂಥ ವಾಸನೆ ನಿಮಗೂ ಒಂದಿರಬೇಕು.

ಎಂಬತ್ತರ ದಶಕದ ಕೊನೆ. ಬಾಗಲಕೋಟೆಯ ಕಾಲೇಜೊಂದರಲ್ಲಿ ನಾನು ಗಣಿತದ ಮಾಸ್ತರ. ಧಾರವಾಡದಲ್ಲಿ ಹತ್ತು ದಿನ ತರಬೇತಿ ಪಡೆದು ಬಂದದ್ದೇ ತಡ, ಕಾಲೇಜಿನ ಏಕೈಕ ಕಂಪ್ಯೂಟರಿಗೆ ಪೂಜಾರಿಯಾಗಿಬಿಟ್ಟೆ. ಚಪ್ಪಲಿ ಬಿಟ್ಟು ಒಳಗೆ ಬರಬೇಕು, ಕಿಟಕಿಯ ಪರದೆ ಸರಿಸಬಾರದು, ಕಟ್ಟಳೆಗಳೆಲ್ಲ ನನ್ನವೇ. ಯಾರೋ ಅದರ ಹಣೆಗೆ ವಿಭೂತಿಯನ್ನೂ ಬಳಿದಿದ್ದರು. ಹುಡುಗಿಯರ ಸರದಿ ಬರುವಷ್ಟರಲ್ಲಿ ಅವರ ಊರಿನ ಬಸ್ಸಿನ ಹೊತ್ತಾಗುತ್ತಿತ್ತು. ಹೊಸ್ತಿಲಲ್ಲೇ ನಿಂತು ನೋಡಿ ಹೋಗುತ್ತಿದ್ದರು. ಅದು ನನಗೆ ಕಾಣಲಿಲ್ಲವೆಂದರೆ ಸುಳ್ಳಾದೀತು. ಕಂಡಿತ್ತು, ನಾಟಿರಲಿಲ್ಲ.

ಆ ವರ್ಷ ಅನುದಾನ ಬಂತು. ಹೊಸ ತಲೆಮಾರಿನ ಪ್ರೊಸೆಸರಿನ ಟು-ಎಯ್ಟಿ-ಸಿಕ್ಸ್ ಕಂಪ್ಯೂಟರ್ ಒಂದನ್ನು ಕೊಳ್ಳಬಹುದಿತ್ತು. ಇಲ್ಲವೇ ನಮ್ಮಲ್ಲಿದ್ದಂಥ ಹಳೆಯ ಮಾದರಿಯವನ್ನೇ ಇನ್ನೆರಡು. ಹೊಸದೇ ಬೇಕೆಂದು ನಾನು ಪ್ರಾಚಾರ್ಯರ ಮುಂದೆ ವಾದ ಹೂಡಿದೆ.

"ನಮ್ಮದು ಭಾಳ ನಿಧಾನ ಐತ್ರಿ ಸರ. ಎಲ್ಲಾರ ಮಾರ್ಕ್ಸ್ ರ‍್ಯಾಂಕಿನ ಪ್ರಕಾರ ಜೋಡಸಾಕ ಮುಂಜಾನಿಂದ ಸಂಜಿತನಕ ತಗೋತೈತಿ."

ಸಂಖ್ಯಾಶಾಸ್ತ್ರದ ಶಾಂತಾಬಾಯಿ ಅಲ್ಲೇ ಕೂತಿದ್ದರು. ಇಳಕಲ್ಲಿನ ನೇಕಾರರ ಮನೆಯವರು, ಮಾತು ಕಡಿಮೆ. ಅಂದು ಬಾಯಿ ಬಿಟ್ಟರು.

"ಮಗ್ಗ ಬದಲಿ ಮಾಡೂಕಿಂತ ಮೊದಲ ಎಳಿ ಎಲ್ಲಿ ಸಿಕ್ಕಾಗೇತಿ ನೋಡಬೇಕ್ರಿ. ನಿಮ್ಮ ಪ್ರೋಗ್ರಾಮ್ ನನಗ ಎರಡ ದಿನ ಕೊಡ್ರಿ."

ಕೊಟ್ಟೆ. ಅವರು ಸೋಲಲಿ ಎಂದು ಒಳಗೊಳಗೇ ಹಾರೈಸಿದ್ದೂ ಉಂಟು. ಮೂರನೆಯ ದಿನ ನನ್ನ ತಪ್ಪನ್ನು ಅವರೇ ಹಿಡಿದು ತೋರಿಸಿದರು. ಒಂದೊಂದು ಅಂಕ ಹೋಲಿಸುವುದಕ್ಕೂ ಯಂತ್ರ ಅಂಕಗಳನ್ನಿಟ್ಟಿದ್ದ ಫ್ಲಾಪಿ ತಟ್ಟೆಗೆ ಓಡುವಂತೆ ಬರೆದಿದ್ದೆ!

"ಒಗ್ಗರಣಿಗೆ ಒಂದೊಂದ ಸಾಸಿವಿ ಕಾಳಿಗೂ ಪ್ಯಾಟಿಗೆ ಹೋಗ್ತಾರೇನ್ರಿ ಸರ?"

ಅಂಕಗಳನ್ನೆಲ್ಲ ಅವರು ಒಮ್ಮೆಗೇ ಮೆಮರಿಗೆ ತಂದು, ಜೋಡಿಸುವ ಕ್ರಮವನ್ನೂ ಬದಲಿಸಿದ್ದರು. ಪ್ರಾಚಾರ್ಯರ ಎದುರೇ ಪರೀಕ್ಷೆಯಾಯಿತು. ಕಪ್ಪಿನಿಂದ ಬಸಿಗೆ ಸುರಿದ ಚಹಾ ಆರುವ ಮೊದಲೇ ಪ್ರಿಂಟರು ಕಿರುಗುಟ್ಟತೊಡಗಿತು. ಪ್ರಾಚಾರ್ಯರು ಹಾಳೆಯುದ್ದಕ್ಕೂ ಬೆರಳಾಡಿಸಿದರು.

"ಖರೇನ ಮುಗೀತೇನ್ರಿ?"

"ಮುಗೀತ್ರಿ ಸರ" ಎಂದವನು ನಾನೇ. ನಾಚಿಕೆಯಾಗಬೇಕಿತ್ತು. ಬದಲಿಗೆ ಚಪ್ಪಾಳೆ ತಟ್ಟಿಬಿಟ್ಟೆ.

ಥರ್ಮೊಕೋಲಿನ ಅದೇ ವಾಸನೆಯೊಂದಿಗೆ ಹಳೆಯ ಮಾದರಿಯವೇ ಎರಡು ಬಂದವು, ಬಸ್ಸಿನ ಹೊತ್ತಿಗೆ ಮೊದಲೇ ಹುಡುಗಿಯರ ಸರದಿಯೂ ಬಂತು. ಮೊದಲ ದಿನ ಹುನಗುಂದದಿಂದ ಬರುತ್ತಿದ್ದ ವಿದ್ಯಾರ್ಥಿನಿ ನೀಲವ್ವ ರೂಢಿಯಂತೆ ಹೊಸ್ತಿಲಲ್ಲೇ ನಿಂತಳು.

"ನಿಂತ ನೋಡೂದು ಸಾಕಿನ್ನ. ಒಳಗ ಬಾರವ್ವಾ, ಕುಂಡ್ರು" ಎಂದರು ಶಾಂತಾಬಾಯಿ.

ಕೂತಳು. ಒಂದೇ ಬೆರಳಿನಲ್ಲಿ ತನ್ನ ಹೆಸರು ಒತ್ತಿದಳು. ತೆರೆಯ ಮೇಲೆ ಹಸಿರು ಅಕ್ಷರ ಮೂಡಿದಾಗ ಕೋಣೆಯೇ ನಕ್ಕಿತು. ಮರುವರ್ಷದ ರ‍್ಯಾಂಕ್ ಪಟ್ಟಿಗೆ ಪ್ರೋಗ್ರಾಮ್ ಬರೆದವಳು ಅವಳೇ. ಪಟ್ಟಿಯ ಮೊದಲಿಗಿದ್ದ ಹೆಸರೂ ಅವಳದೇ.

ಅಷ್ಟು ಸಂಭ್ರಮದಿಂದ ನಾನು ಮತ್ತೆಂದೂ ಸೋತಿಲ್ಲ. ಈಗಲೂ ಏನಾದರೂ ನಿಧಾನವೆನಿಸಿದರೆ, ಮೊದಲು ನಾನು ಮಾಡಿದ್ದನ್ನೇ ಇನ್ನೊಮ್ಮೆ ಓದುತ್ತೇನೆ. ತಪ್ಪು ಸಿಕ್ಕರೆ ಮನೆಮಂದಿಯನ್ನೆಲ್ಲ ಕರೆದು ತೋರಿಸುತ್ತೇನೆ.