ಮುಚ್ಚಿದ ಟ್ಯಾಂಕು, ಕಳೆದ ತಿರುಪು

ಮಹಾಂತೇಶ ನಗರದ ನಮ್ಮ ಮನೆಯಲ್ಲಿ ಸಣ್ಣ ವಸ್ತು ಯಾವುದು ಕಾಣೆಯಾದರೂ ಮೊದಲ ಆರೋಪಿ ನಾನೇ. ಕಾರಣವಿಲ್ಲದೆ ಇಲ್ಲ. ನಾನು ಯುದ್ಧದ ಟ್ಯಾಂಕುಗಳ ಗೇಣುದ್ದದ ಮಾದರಿಗಳನ್ನು ಜೋಡಿಸುವವನು. ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ಬಿಡಿಭಾಗಗಳು ನಮ್ಮಂಥವರಿಗೆ ಸಪ್ಪೆ; ಹಿಡಿಕೆ, ಕೊಂಡಿ, ದೀಪದ ಜಾಲರಿ, ಎಲ್ಲ ಕೈಯಾರೆ ಮಾಡಿದರೇ ಸಮಾಧಾನ. ಗುಳಿಗೆ ಪ್ಯಾಕಿನ ಬೆಳ್ಳಿ ಹಾಳೆ ಕತ್ತರಿಸಿದರೆ ಪಟ್ಟಿ, ಕೆಟ್ಟ ಮಿಕ್ಸರಿನ ತಾಮ್ರದ ತಂತಿ ಹೊಸೆದರೆ ಎಳೆಯುವ ಹಗ್ಗ. ಊರಿನ ದಂಡು ಪ್ರದೇಶವಾದ ಕ್ಯಾಂಪಿನಲ್ಲಿ ಮಿಲಿಟರಿ ಟ್ರಕ್ಕಿನ ಹಿಂದಿನ ಕೊಂಡಿ ನೋಡುತ್ತ, ಹೆಂಡತಿ ಸಮೇತ ಸ್ಕೂಟರನ್ನು ಗಟಾರಕ್ಕೆ ಇಳಿಸಿದ್ದೇನೆ. ದೇಶಸೇವೆಯಲ್ಲಿ ನನಗಾದ ಗಾಯ ಅದೊಂದೇ.

ಈ ಸಲದ ಟ್ಯಾಂಕಿಗೆ ವರ್ಷವೇ ಹಿಡಿಯಿತು. ಒಳಗೆ ಸೀಟು, ಗುಂಡುಗಳ ಗೂಡು, ಮೂಲೆಯಲ್ಲೊಂದು ಸ್ಟೋವು, ಅದರ ಮೇಲೆ ಚಹಾದ ಪಾತ್ರೆ. ಮುಗಿದ ಮೇಲೆ ಛಾವಣಿಗೆ ಅಂಟು ಹಾಕಿ ಕಾಯಂ ಮುಚ್ಚಿಬಿಟ್ಟೆ. ಒಳಗಿನದು ಇನ್ನು ಯಾರಿಗೂ ಕಾಣದು. ನಮ್ಮ ಪಂಥದ ಪದ್ಧತಿಯೇ ಅದು: 'ನಮಗೆ ಗೊತ್ತಿದ್ದರೆ ಸಾಕು' ಎನ್ನುತ್ತೇವೆ. ಮಠದ ಸನ್ಯಾಸಿಗಳಿಗೂ ಇಷ್ಟು ವೈರಾಗ್ಯ ಇರಲಿಕ್ಕಿಲ್ಲ. ನಿಜ ಹೇಳಬೇಕೆಂದರೆ, ಯಾರೂ ನೋಡಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ಸಂಕಟವಾಗುತ್ತಿತ್ತು.

ಖಾನಾಪುರದಲ್ಲಿ ಹೆಂಡತಿಯ ಚಿಕ್ಕಪ್ಪನ ಮಗಳ ಮದುವೆ. ಹೊರಡುವ ಬೆಳಿಗ್ಗೆ ಅವಳ ಬೆಂಡೋಲೆಯ ಹಿಂದಿನ ಬಂಗಾರದ ತಿರುಪು ಸಿಗಲಿಲ್ಲ.

"ಖರೇ ಹೇಳ್ರಿ, ನಿಮ್ಮ ಟ್ಯಾಂಕಿನಾಗ ಹಾಕೀರಿಲ್ಲೋ?"

"ದೇವರಾಣಿ ಇಲ್ಲ."

"ಹಂಗಾದ್ರ ತಗದು ತೋರಸ್ರಿ."

ಭಾನುವಾರ ಕ್ಯಾಂಪಿನಲ್ಲಿ ಇಂಥ ಮಾದರಿಗಳ ಪ್ರದರ್ಶನ. ಛಾವಣಿ ಕಿತ್ತರೆ ಟ್ಯಾಂಕು ಹಾಳು, ಕೀಳದಿದ್ದರೆ ಸಂಸಾರ. ಬ್ಲೇಡು ತಂದೆ. ಹಸಿರು ಬಣ್ಣ ಹಪ್ಪಳದ ಹಾಗೆ ಮುರಿದು ಉದುರಿತು.

ಅವಳು ಮೊಬೈಲಿನ ಬೆಳಕು ಬಿಟ್ಟು ಬಗ್ಗಿದಳು.

"ಇದು ನನ್ನ ಬ್ಲೌಸಿನ ಹುಕ್ಕು!"

"ಡ್ರೈವರನ ಹಿಡಿಕಿ ಅದು."

"ಸೀಟಿಗೆ ನನ್ನ ಇಳಕಲ್ ಸೀರಿ ತುಂಡು?"

"ಹರದದ್ದು ಇತ್ತಲ್ಲ…"

"ಚಹಾದ ಪಾತ್ರಿ?"

"ನಿನ್ನ ಸ್ವೆಟರಿನ ಗುಂಡಿ."

ತಿರುಪು ಮಾತ್ರ ಇರಲಿಲ್ಲ. ಬಂಗಾರದ ವಿಷಯದಲ್ಲಿ ನಾನು ನಿರ್ದೋಷಿ, ಉಳಿದೆಲ್ಲದರಲ್ಲಿ ಸಿಕ್ಕಿಬಿದ್ದ ಕಳ್ಳ. ಅದು ಕೊನೆಗೆ ಸಿಕ್ಕಿದ್ದು ಅವಳದೇ ಪರ್ಸಿನ ಹರಿದ ಅಸ್ತರಿನಲ್ಲಿ. ಅವಳು ಅದನ್ನು ಬೆಂಡೋಲೆಗೆ ತಿರುವಿಕೊಂಡು ಬಾಡಿಗೆ ಕಾರು ಹತ್ತಿದಳು. ಖಾನಾಪುರದವರೆಗೂ ನಾನು ಸಿಟ್ಟಿನಿಂದ ಕಿಟಕಿಯಾಚೆ ನೋಡುತ್ತ ಕುಳಿತೆ.

ಊಟದ ಪಂಕ್ತಿಯಲ್ಲಿ ನನ್ನ ಬೆನ್ನ ಹಿಂದೆ ಅವಳ ದನಿ ಕೇಳಿಸಿತು. ತನ್ನ ತಾಯಿಯ ತಂಗಿಯನ್ನು ಹಿಡಿದು ನಿಲ್ಲಿಸಿಕೊಂಡು ಹೇಳುತ್ತಿದ್ದಳು:

"ಹೊರಗಿಂದ ಬರೇ ಟ್ಯಾಂಕ್ ನೋಡ ಮಾವಶಿ. ಒಳಗ ನಮ್ಮನಿ ಅಷ್ಟೂ ಐತಿ. ಚಾ ಸುದ್ಧಾ ಇಟ್ಟಾರ! ಇಷ್ಟ ಛಂದ ಮಾಡಿ ಯಾರಿಗೂ ತೋರಸಲಾರದ ಮುಚ್ಚಿಟ್ಟಿದ್ರು, ಶ್ಯಾಣ್ಯಾರು."

ನಾನು ಇನ್ನೊಂದು ಜಿಲೇಬಿ ಹಾಕಿಸಿಕೊಂಡೆ. ಭಾನುವಾರ ಟ್ಯಾಂಕನ್ನು ಛಾವಣಿಯಿಲ್ಲದೇ ಪ್ರದರ್ಶನಕ್ಕೆ ಒಯ್ದೆ. ಬಗ್ಗಿ ನೋಡಿದವರಿಗೆಲ್ಲ ಹುಕ್ಕು ಯಾವುದು, ಗುಂಡಿ ಯಾವುದು ಎಂದು ಅವಳೇ ತೋರಿಸುತ್ತ ನಿಂತಳು.