ಮಂಚ ಜರುಗಿಸುವ ಭಾನುವಾರಗಳು

ನನ್ನ ಕೈ ಸುಮ್ಮನಿರುವ ಜಾತಿಯದ್ದಲ್ಲ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಎದುರಿಗೊಂದು ಸ್ಟೂಲಿದ್ದರೆ ಅದನ್ನು ಒಂದು ಗೇಣಾದರೂ ಆಚೆ ತಳ್ಳದಿದ್ದರೆ ಉಂಡ ಅನ್ನ ಕರಗುವುದಿಲ್ಲ. ಇಂಥವಳು ಮದುವೆಯಾಗಿ ಬಂದು ಸೇರಿದ್ದು ನಂಜನಗೂಡಿನ ಒಂದು ವಠಾರಕ್ಕೆ. ಒಂದು ಹಾಲ್, ಅದರ ಬೆನ್ನಿಗೆ ಇಬ್ಬರು ನಿಂತರೆ ತುಂಬಿಹೋಗುವ ಅಡುಗೆಮನೆ, ಬಚ್ಚಲು ಹೊರಗೆ. ತೊಂಬತ್ತರ ದಶಕದ ಮಾತು. ನಮ್ಮ ಯಜಮಾನರು ತಾಂಡ್ಯದ ಒಂದು ಕಾರ್ಖಾನೆಯಲ್ಲಿದ್ದರು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಬಂದ ಸಂಬಳ ಬಾಡಿಗೆಗಿಷ್ಟು, ದಿನಸಿಗಿಷ್ಟು, ಹದಿನಾರು ಎಂಬ ಹಳ್ಳಿಯಲ್ಲಿದ್ದ ನಮ್ಮತ್ತೆಗಿಷ್ಟು ಎಂದು ಹಂಚಿಹೋಗುತ್ತಿತ್ತು.

ಬೀಗದ ಕೈ ಕೊಡುವಾಗಲೇ ಓನರಮ್ಮ ಹೇಳಿದ್ದರು: "ಗೋಡೆಗೆ ಒಂದ್ ಮೊಳೆನೂ ಹೊಡೀಬ್ಯಾಡ ಕಣವ್ವ. ಈಗಷ್ಟೇ ಸುಣ್ಣ ಬಳ್ಸಿದೀನಿ."

ಮೊಳೆಯಿಲ್ಲದೆ ಸಂಸಾರ ಹೂಡುವುದು ಏನೆಂದು ಹೂಡಿದವರಿಗೇ ಗೊತ್ತು. ಕನ್ನಡಿ, ಕ್ಯಾಲೆಂಡರು, ಅಂಗಿ, ದೇವರ ಪಟ ಎಲ್ಲವೂ ಗೋಡೆಯ ಹಂಗಿಲ್ಲದೆ ನಿಲ್ಲಬೇಕು. ಕಿಟಕಿಯ ಸರಳಿಂದ ಬಾಗಿಲ ಚಿಲಕದವರೆಗೆ ಹಗ್ಗ ಎಳೆದು ಬಟ್ಟೆ ಹಾಕಿದೆ. ಕಾರ್ಖಾನೆಗೆ ಮೆಷೀನು ಬಂದ ಮರದ ಪೆಟ್ಟಿಗೆಗಳನ್ನು ಒಡೆದ ಮೇಲೆ ಹಲಗೆಗಳನ್ನು ಕೆಲಸದವರಿಗೆ ಅಗ್ಗಕ್ಕೆ ಕೊಡುತ್ತಿದ್ದರು. ಯಜಮಾನರು ಸೈಕಲ್ಲಿಗೆ ಕಟ್ಟಿಕೊಂಡು ತಂದ ಹಲಗೆಗಳನ್ನು ಇಟ್ಟಿಗೆಗಳ ಮೇಲೆ ಒಂದರ ಮೇಲೊಂದು ಕೂರಿಸಿದೆ, ಶೆಲ್ಫಾಯಿತು. ಹಲಗೆಯ ಮೇಲೆ ಅಚ್ಚು ಹಾಕಿದ್ದ ಕೊಡೆಯ ಚಿತ್ರ ತಲೆಕೆಳಗಾಗಿ ನಿಂತದ್ದು ಆಮೇಲೆ ಕಂಡಿತು, ಇರಲಿ ಎಂದು ಬಿಟ್ಟೆ. ಬಣ್ಣದ ಖಾಲಿ ಡಬ್ಬ ಉಜ್ಜಿ ಉಜ್ಜಿ ತೊಳೆದು ಅಕ್ಕಿ ತುಂಬಿದೆ. ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿ ಒಂದು ಹಾಲ್ ಅನ್ನು ಎರಡು ಮಾಡಿದೆ. ಕಬ್ಬಿಣದ ಮಂಚ ತಿ. ನರಸೀಪುರದ ನನ್ನ ತವರಿನಿಂದ ಬಸ್ಸಿನ ಟಾಪಿನಲ್ಲಿ ಬಂದದ್ದು. ಇಳಿಸುವಾಗ ಕಂಡಕ್ಟರ್ ಗೊಣಗಿದ್ದ ಗೊಣಗಾಟ ಬಸ್‌ಸ್ಟ್ಯಾಂಡಿಗೆಲ್ಲ ಕೇಳಿಸಿತ್ತು.

ಎಲ್ಲ ಜೋಡಿಸಿ ಮುಗಿದ ವಾರಕ್ಕೇ ನನಗೆ ಉಸಿರು ಕಟ್ಟತೊಡಗಿತು. ಅದೇ ಗೋಡೆ, ಅದೇ ಮೂಲೆ. ಹೊಸ ಸಾಮಾನು ತರಲು ದುಡ್ಡಿಲ್ಲ, ಜರುಗಿಸಲು ದುಡ್ಡು ಬೇಕಿಲ್ಲ. ಭಾನುವಾರ ಯಜಮಾನರು ತಾಯಿಯನ್ನು ನೋಡಲು ಹದಿನಾರಿಗೆ ಹೊರಟದ್ದೇ ತಡ, ಸೆರಗು ಸೊಂಟಕ್ಕೆ ಸಿಕ್ಕಿಸಿ ಶುರುಮಾಡುತ್ತಿದ್ದೆ. ಮಂಚ ಕಿಟಕಿಯ ಹತ್ತಿರಕ್ಕೆ, ಶೆಲ್ಫು ಬಾಗಿಲ ಪಕ್ಕಕ್ಕೆ, ಟ್ರಂಕು ಮಂಚದ ಕೆಳಗೆ. ಇನ್ನೊಂದು ಭಾನುವಾರ ಅದೆಲ್ಲ ತಿರುಗುಮುರುಗು. ಮಂಚದ ಕಾಲು ನೆಲಕ್ಕೆ ಉಜ್ಜುವ ಸದ್ದಿಗೆ ಮಹಡಿಯಿಂದ ಓನರಮ್ಮ ಕೂಗುತ್ತಿದ್ದರು: "ಶುರುವಾಯ್ತೇನವ್ವ ನಿಂದು?"

ಯಜಮಾನರು ಸಂಜೆ ಬಂದು ಮೊಣಕಾಲು ತಗುಲಿಸಿಕೊಂಡು, "ಮನೆ ಅಂದ್ರೆ ಒಂದ್ ಕಡೆ ಇರ್ಬೇಕು ಕಣೇ, ಇದೇನ್ ಸರ್ಕಸ್ಸಾ?" ಎಂದು ರೇಗುತ್ತಿದ್ದರು. ನಾನೂ ಸುಮ್ಮನಿರುವವಳಲ್ಲ. "ಹೊಸ ಬೀರು ತಂದ್ಕೊಡಿ, ಕೈಕಟ್ಕೊಂಡು ಕೂತ್ಕೋತೀನಿ. ಇದ್ದುದ್ನೇ ಜರುಗ್ಸುದ್ರೆ ಎರಡ್ ದಿನ ಹೊಸ ಮನೇಲಿ ಇದ್ದಂಗಾಯ್ತದೆ. ಅದೂ ಬ್ಯಾಡ್ವಾ ನಂಗೆ?" ಎಂದು ಕೇಳುತ್ತಿದ್ದೆ. ಅವರು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು.

ಬರಬರುತ್ತ ತಗುಲಿಸಿಕೊಳ್ಳುವುದು ಹೆಚ್ಚಾಯಿತು. ಸ್ಟೂಲು ಎಡವಿದರು, ನೀರಿನ ಬಿಂದಿಗೆ ಒದ್ದರು, ಒಂದು ಸಂಜೆ ಇಟ್ಟಿಗೆಯ ಶೆಲ್ಫನ್ನೇ ಕೆಡವಿದರು. ಒಂದು ದಿನ ನಲ್ಲಿಯ ಹತ್ತಿರ ಓನರಮ್ಮ ದನಿ ತಗ್ಗಿಸಿ ಕೇಳಿದರು: "ಬೇಜಾರ್ ಮಾಡ್ಕೋಬ್ಯಾಡ ಕಣವ್ವ. ನಿಮ್ ಯಜಮಾನ್ರು ಸಂಜೆ ಹೊತ್ತು ಏನಾರ ಹಾಕ್ಕೊಂಡ್ ಬತ್ತಾರಾ? ಮೊನ್ನೆ ಗೇಟ್ ತಡವುತ್ತಾ ನಿಂತಿದ್ರು."

ನನಗೆ ಮೈಯೆಲ್ಲ ಉರಿಯಿತು. ಆಕೆಯ ಮೇಲೆ, ಅವರ ಮೇಲೆ, ಇಂಥ ಮಾತು ಕೇಳಬೇಕಾದ ನನ್ನ ಹಣೆಬರಹದ ಮೇಲೆ. ಆ ಸಂಜೆ ಅವರು ಬಂದಾಗ ಟವೆಲ್ಲು ಕೊಡುವ ನೆಪದಲ್ಲಿ ಹತ್ತಿರ ಹೋಗಿ ಮೂಸಿದೆ. ಬರೀ ಬೆವರು, ಮೆಷೀನಿನ ಎಣ್ಣೆಯ ವಾಸನೆ. ಆದರೂ ಅನುಮಾನ ಒಮ್ಮೆ ಹೊಕ್ಕರೆ ಬಿಟ್ಟೀತೇ? ಎರಡನೇ ಪಾಳಿಗೆ ಹೋದರೆ ಚೂರು ಹೆಚ್ಚು ದುಡ್ಡು ಸಿಗುತ್ತಿತ್ತು, ಅದನ್ನು ಯಾರ್ಯಾರಿಗೋ ಬಿಟ್ಟುಕೊಟ್ಟು ಬರುತ್ತಿದ್ದರು. ಸೂರ್ಯ ಮುಳುಗಿದರೆ ಸೈಕಲ್ ಹತ್ತದೆ ತಳ್ಳಿಕೊಂಡು ನಡೆಯುತ್ತಿದ್ದರು. ಕೇಳಿದರೆ ಚೈನು ಸಡಿಲವಾಗಿದೆ ಎನ್ನುತ್ತಿದ್ದರು. ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬುದು ಗೊತ್ತಾಗುತ್ತಿತ್ತು, ಏನೆಂದು ಗೊತ್ತಾಗುತ್ತಿರಲಿಲ್ಲ. ಆ ದಿನಗಳಲ್ಲಿ ವಾರಕ್ಕೆ ಎರಡೆರಡು ಸಲ ಮಂಚ ಎಳೆದಿದ್ದೇನೆ.

ಒಂದು ಭಾನುವಾರ ತಿ. ನರಸೀಪುರದಲ್ಲಿ ನಮ್ಮ ಕಡೆಯ ಒಂದು ನಾಮಕರಣ. ಹೊರಡುವ ಹೊತ್ತಿಗೆ, ಅವರು ಆಗಲೇ ಗೇಟಿನ ಹತ್ತಿರ ಹೋಗಿ ನಿಂತಿದ್ದಾಗ, ಮಂಚವನ್ನು ಅಡ್ಡ ತಿರುಗಿಸಿ ಬಾಗಿಲಿಗೆ ಎದುರಾಗಿ ಹಾಕಿದ್ದೆ. ವಾಪಸ್ಸು ಬರುವಾಗ ಮಬ್ಬುಗತ್ತಲಾಯಿತು. ಬಸ್ಸಿಳಿದು ನಡೆಯುವಾಗ ಅವರು ನನ್ನ ಕೈಚೀಲದ ಒಂದು ಹಿಡಿಯನ್ನು ತಾವು ಹಿಡಿದುಕೊಂಡರು. ಚೀಲದಲ್ಲಿ ಭಾರವೇನೂ ಇರಲಿಲ್ಲ. ನಾಲ್ಕು ಜನರ ಎದುರು ನನ್ನ ಪಕ್ಕದಲ್ಲಿ ನಡೆಯಲೂ ಸಂಕೋಚಪಡುವ ಮನುಷ್ಯ ಅವರು. ನಾನು ಬಿರಬಿರನೆ ನಡೆದರೆ ಹಿಡಿ ಎಳೆಯುತ್ತಿತ್ತು. ವಠಾರಕ್ಕೆ ಬಂದರೆ ಕರೆಂಟ್ ಹೋಗಿತ್ತು. ನಾನು ಬೀಗ ತೆಗೆದು ಒಳಗೆ ನುಗ್ಗಿ ಬೆಂಕಿಪೊಟ್ಟಣ ಹುಡುಕತೊಡಗಿದೆ. ಅವರು ಹೊಸ್ತಿಲ ಆಚೆಯೇ ನಿಂತಿದ್ದರು.

"ಮಂಚ ಎಲ್ಲದೆ ಈಗ?" ಎಂದರು.

"ಕಣ್ಮುಂದೇ ಅದಲ್ಲ, ಕಾಣಲ್ವಾ?" ಎಂದೆ.

"ಕಾಣಲ್ಲ ಕಣೇ."

ಅಷ್ಟೇ ಹೇಳಿದ್ದು. ದನಿಯಲ್ಲಿ ಸಿಟ್ಟಿರಲಿಲ್ಲ. ಬೀದಿಯಲ್ಲಿ ಇನ್ನೂ ಅಷ್ಟಿಷ್ಟು ಬೆಳಕಿತ್ತು, ನನಗೆ ಮಂಚದ ಸರಳುಗಳೂ ಕಾಣುತ್ತಿದ್ದವು. ಹೋಗಿ ತೋಳು ಹಿಡಿದು ಕರೆತಂದು ಕೂರಿಸಿದೆ. ಆಮೇಲೆ ಒಂದೊಂದೇ ಮಾತು ಹೊರಬಂತು. ಬಿಸಿಲು ಇಳಿದರೆ ಕಣ್ಣು ಕಟ್ಟುತ್ತದೆ, ಮನೆಯ ಮಂದ ಬಲ್ಬಿನ ಬೆಳಕೂ ಸಾಲದು. ಮದುವೆಗೆ ಮೊದಲೇ ಚೂರು ಇತ್ತು, ಈಗ ಜಾಸ್ತಿ. ಕಾರ್ಖಾನೆಯಲ್ಲಿ ಗೊತ್ತಾದರೆ ಕಾಯಂ ಮಾಡುವುದು ಹಾಗಿರಲಿ, ನಾಳೆಯಿಂದ ಬರಬೇಡ ಎಂದಾರು.

"ಅಲ್ಲಿ ಮೆಷಿನ್‌ಗಳು ಜಾಗ ಬಿಟ್ಟು ಕದಲಲ್ಲ ಕಣೇ. ಎಂಗೋ ಸಂಬಾಳಿಸ್ತೀನಿ. ಇಲ್ಲೇ ಆಗ್ತಿಲ್ಲ. ಮನೇನ ಕೈಯಲ್ಲಿ ಕಲ್ತಿರ್ತೀನಿ, ನೀನು ಬದ್ಲಾಯ್ಸ್‌ಬಿಡ್ತೀಯ," ಎಂದರು.

"ಬಾಯಿಬಿಟ್ಟು ಹೇಳೋಕ್ ಏನಾಗಿತ್ತು ನಿಮ್ಗೆ?" ಎಂದು ನಾನು ಅತ್ತೆ. ಅಳುತ್ತಲೇ ಬೈದೆ.

ಮೈಸೂರಿನ ಕಣ್ಣಿನ ಡಾಕ್ಟರು ಇರುಳುಗಣ್ಣು ಎಂದರು. ಇದು ಹುಟ್ಟಿನಿಂದ ಬಂದ ಬಗೆ, ಔಷಧವಿಲ್ಲ, ವಯಸ್ಸಾದಂತೆ ಹಗಲಿನ ನೋಟವೂ ಕಿರಿದಾಗಬಹುದು ಎಂದರು. ಮನೆಗೆ ಬಂದು ಅವರನ್ನೇ ಕೇಳಿ ಮಂಚ ಎಲ್ಲಿರಬೇಕೋ ಅಲ್ಲಿಟ್ಟೆ, ಶೆಲ್ಫು ಗೋಡೆಗೆ ಒತ್ತಿಸಿದೆ, ಸ್ಟೂಲನ್ನು ಅಡುಗೆಮನೆಗೆ ಹಾಕಿದೆ. ಅಲ್ಲಿಗೆ ನನ್ನ ಭಾನುವಾರಗಳು ಮುಗಿದವು.

ಮುಗಿದವು ಎನ್ನುವುದು ಸುಲಭ. ಆದರೆ ಕೈ ಕಡಿಯುತ್ತಿತ್ತು. ಗಂಡನ ಮೇಲೆ ಮರುಕ ಬೇರೆ, ಮೈಯೊಳಗಿನ ಚಡಪಡಿಕೆ ಬೇರೆ, ಒಂದು ಇನ್ನೊಂದನ್ನು ಸುಮ್ಮನಿರಿಸುವುದಿಲ್ಲ. ಅಡುಗೆಮನೆಯ ಡಬ್ಬಗಳನ್ನು ದಿನಕ್ಕೊಮ್ಮೆ ಅದಲುಬದಲು ಮಾಡಿದೆ. ಟ್ರಂಕಿನ ಸೀರೆಗಳನ್ನು ಮಡಿಸಿದ್ದನ್ನೇ ಮಡಿಸಿದೆ. ಅದೂ ಸಾಲದೆ ವಠಾರದವರ ಮನೆಗಳಿಗೆ ಹೊಕ್ಕೆ. "ಈ ಬೀರು ಇಲ್ಲಿದ್ರೆ ಗಾಳಿ ಆಡಲ್ಲ, ಆ ಕಡೀಕ್ ತಳ್ಳನ ಬನ್ನಿ" ಎಂದು ನಾನೇ ಒಂದು ಕಡೆ ಹಿಡಿಯುತ್ತಿದ್ದೆ. ಕೊನೆಗೆ ಓನರಮ್ಮನೇ ಮಹಡಿಗೆ ಕರೆದು ತಮ್ಮ ಹಾಲ್ ಅನ್ನು ನನ್ನ ಕೈಲಿ ತಿರುವಿಹಾಕಿಸಿದರು. ನಮ್ಮ ಮನೆಯೊಂದು ಬಿಟ್ಟು ವಠಾರದ ಎಲ್ಲ ಮನೆಗಳೂ ಜರುಗಾಡುತ್ತಿದ್ದವು.

ಯಜಮಾನರು ಹಗಲು ಪಾಳಿಯಲ್ಲೇ ಉಳಿದರು. ಕಾಯಂ ಆದ ಮೇಲೆ ಧೈರ್ಯ ಮಾಡಿ ಸೂಪರ್‌ವೈಸರಿಗೆ ವಿಷಯ ಹೇಳಿದರು. ಆತ ಬೈಯುತ್ತಾನೆಂದುಕೊಂಡಿದ್ದೆವು, ಪ್ಯಾಕಿಂಗ್ ವಿಭಾಗಕ್ಕೆ ಹಾಕಿದ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ ನಂಜನಗೂಡಿನಲ್ಲೇ ಹೊಸ ಬಡಾವಣೆಯ ಕಟ್ಟಡವೊಂದಕ್ಕೆ ಮನೆ ಬದಲಾಯಿಸಿದೆವು. ದೊಡ್ಡ ಹಾಲ್, ಎರಡು ರೂಮು, ಮೊಳೆ ಹೊಡೆಯಲು ಯಾರ ಅಡ್ಡಿಯೂ ಇಲ್ಲ. "ಈಗ ನಿನ್ ಇಷ್ಟ ಬಂದಂಗೆ ಜೋಡ್ಸು," ಎಂದರು. ನಾನು ವಠಾರದಲ್ಲಿ ಇದ್ದ ಹಾಗೆಯೇ ಜೋಡಿಸಿದೆ. ಬಾಗಿಲಿಂದ ಅದೇ ಅಂತರಕ್ಕೆ, ಹಾಲ್‌ನಲ್ಲೇ ಮಂಚ, ಎಡಗಡೆ ಹಲಗೆಯ ಶೆಲ್ಫು. ಹಾಲ್‌ನ ಅರ್ಧ ಭಾಗ ಖಾಲಿ ಉಳಿಯಿತು. ಬಂದವರೆಲ್ಲ ಇನ್ನೂ ಸಾಮಾನು ಬರಬೇಕೇ ಎಂದು ಕೇಳುತ್ತಿದ್ದರು, ಹೌದು ಎನ್ನುತ್ತಿದ್ದೆ.

ಹೀಗೆಯೇ ಒಂದೆರಡು ವರ್ಷ ಕಳೆಯಿತು. ಒಂದು ಭಾನುವಾರ ನಾನೊಬ್ಬಳೇ ತಿ. ನರಸೀಪುರಕ್ಕೆ ಹೋಗಿ ಸಂಜೆ ಬಂದೆ. ಮೆಟ್ಟಿಲು ಹತ್ತುವಾಗಲೇ ಒಳಗೆ ಧಡ್ ಎಂದು ಸದ್ದಾಯಿತು. ಓಡಿಹೋಗಿ ಲೈಟು ಹಾಕಿದೆ. ಮಂಚ ಖಾಲಿ ಭಾಗದ ಕಿಟಕಿಯ ಕೆಳಗೆ ಅಡ್ಡ ನಿಂತಿತ್ತು. ಅವರು ಅದರ ಅಂಚು ಹಿಡಿದು ಒಂದೇ ಕಾಲಲ್ಲಿ ನಿಂತು ನಗುತ್ತಿದ್ದರು.

"ಯಾರು ಜರುಗ್ಸುದ್ರು ಇದ್ನ?"

"ನಾನೇ, ಮಧ್ಯಾಹ್ನ. ನೀನು ಬರೋ ಒತ್ಗೆ ಲೈಟ್ ಹಾಕ್ಬುಟ್ಟು ಕೂತಿರನ ಅಂತಿದ್ದೆ, ಮಂಚದ ಜಾಗ ಮರ್ತ್‌ಬುಟ್ಟೆ."

ಮೊಣಕಾಲು ಕೆಂಪಗಾಗಿತ್ತು. "ಬಿಡಿ, ವಾಪಸ್ ಎಳ್ದ್‌ಬಿಡ್ತೀನಿ," ಎಂದು ನಾನು ಮಂಚಕ್ಕೆ ಕೈ ಹಾಕಿದೆ. ಅವರು ನನ್ನ ಕೈ ಮೇಲೆ ಕೈಯಿಟ್ಟರು.

"ಬ್ಯಾಡ. ಎರಡ್ ದಿನ ಇರ್ಲಿ. ನಿಂಗೆ ಹೊಸ ಮನೇಲಿ ಇದ್ದಂಗಾಯ್ತದೆ," ಎಂದರು.

ಎರಡು ದಿನ ಇಟ್ಟೆ. ಸಂಜೆಯಾಗುತ್ತಲೇ ಬಾಗಿಲಲ್ಲಿ ಕಾದು ತೋಳು ಹಿಡಿದು ಕರೆತಂದೆ. ಮೂರನೆಯ ದಿನ ಅವರು ಕೆಲಸಕ್ಕೆ ಹೋದ ಮೇಲೆ ಮಂಚವನ್ನು ಹಳೆಯ ಜಾಗಕ್ಕೆ ಎಳೆದೆ. ಸಂಜೆ ಬಂದವರು ಹೊಸ್ತಿಲಲ್ಲಿ ನಿಂತು, "ಎಲ್ಲದೆ ಈಗ?" ಎಂದರು.

"ಇದ್ದಲ್ಲೇ ಅದೆ, ಬನ್ನಿ," ಎಂದೆ.